ಅಕ್ಕನ ಕಾಲಿಗೆ ನನ್ನ ಅಳತೆ

ಹೊನ್ನಾವರದವರ ಲೆಕ್ಕದಲ್ಲಿ ನಮ್ಮ ಅಪ್ಪಯ್ಯನಿಗೆ ಒಬ್ಬಳೇ ಮಗಳು. ಆ ಒಬ್ಬಳು ನಾನು. ನನಗಿಂತ ಒಂದೂವರೆ ವರ್ಷ ದೊಡ್ಡವಳಾದ ಅಕ್ಕ ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ ನಾಲ್ಕು ವರ್ಷ ಇದ್ದಳು, ಪಕ್ಕದ ಮನೆಯವರಿಗೂ ಗೊತ್ತಾಗದ ಹಾಗೆ. ಗೊತ್ತಿದ್ದೂ ಸುಮ್ಮನಿದ್ದರೋ ಏನೋ, ಒಂದು ದಿನವೂ ಯಾರೂ ಕೇಳಲಿಲ್ಲ. ‘ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ’ ಎಂಬ ಗಾದೆಯನ್ನು ಯಾರಾದರೂ ನಗುತ್ತ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಅಕ್ಕ ಊರಿಗೆ ಬಂದಳು, ನೀರಿಗೆ ಬರಲಿಲ್ಲ.

ಅದಕ್ಕೆ ಮೊದಲು ನಾವು ಭಟ್ಕಳದಲ್ಲಿದ್ದೆವು. ಅಪ್ಪಯ್ಯ ಕಚೇರಿಯಲ್ಲಿ ಗುಮಾಸ್ತ. ಅಕ್ಕನಿಗೆ ಏಳು ತುಂಬಿದ ವರ್ಷ ಜ್ವರ ಬಂತು. ನಾಲ್ಕು ದಿನ ಸುಟ್ಟು ಐದನೆಯ ದಿನ ಬಿಟ್ಟಿತು, ಎಡಗಾಲು ಮಾತ್ರ ಮತ್ತೆ ಏಳಲಿಲ್ಲ, ಬಲಗಾಲೊಂದೇ ಮೈಭಾರ ಹೊರಲಿಲ್ಲ. ಜ್ವರ ಕಾಲಿಗೆ ಇಳಿಯಿತು ಎಂದರು. ಪೋಲಿಯೋ ಎಂಬ ಶಬ್ದ ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ. ಭಟ್ಕಳದಲ್ಲಿ ಅದೇನೂ ಗುಟ್ಟಾಗಿರಲಿಲ್ಲ. ಪಕ್ಕದ ಮನೆಯ ನವಾಯತ ಮುಸ್ಲಿಂ ಹೆಂಗಸೊಬ್ಬರು ದಿನಾ ಮಧ್ಯಾಹ್ನ ಬಿಸಿ ಎಣ್ಣೆ ತಂದು ಅಕ್ಕನ ಕಾಲು ತಿಕ್ಕುತ್ತ ತಮ್ಮ ಭಾಷೆಯಲ್ಲಿ ಹರಟೆ ಹೊಡೆಯುತ್ತಿದ್ದರು. ಅಕ್ಕ ಅರ್ಧಂಬರ್ಧ ಕಲಿತು ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಎರಡು ವರ್ಷದ ಮೇಲೆ ಅಪ್ಪಯ್ಯನಿಗೆ ಹೊನ್ನಾವರಕ್ಕೆ ವರ್ಗವಾಯಿತು. ಆಗ ಶರಾವತಿಗೆ ಸೇತುವೆ ಇರಲಿಲ್ಲ, ಈಚೆ ದಡದಲ್ಲಿ ಬಸ್ಸಿಳಿದು ಲಾಂಚಿನಲ್ಲಿ ದಾಟಬೇಕು. ಬಸ್ಸಿಳಿದಲ್ಲಿ ಅಪ್ಪಯ್ಯ ಅಕ್ಕನ ಮೇಲೆ ಕಂಬಳಿ ಹೊದಿಸಿದ. ಲಾಂಚಿನವನು “ಕೂಸಿಗೆ ಎಂತ ಆಯ್ತು?” ಎಂದು ಕೇಳಿದ್ದಕ್ಕೆ “ಜ್ವರ” ಎಂದ. ಎರಡು ವರ್ಷದ ಹಿಂದೆ ಬಿಟ್ಟ ಜ್ವರ ಹೊಳೆಯ ನಡುವೆ ಮತ್ತೆ ಬಂತು. ಆಚೆ ದಡದಲ್ಲಿ ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಅಕ್ಕ ಹೊರಗೆ ಕಾಲಿಡಲಿಲ್ಲ. ಅವಳಿಗೆ ಇಡಲು ಕಾಲೆಲ್ಲಿತ್ತು ಎನ್ನಬೇಡಿ, ಕೈ ಇತ್ತು. ಅಂಗೈ ಊರಿ ಮೈಯನ್ನು ಮುಂದಕ್ಕೆಳೆದುಕೊಂಡು ಅವಳು ಇಡೀ ಮನೆ ತಿರುಗುತ್ತಿದ್ದಳು. ತಪ್, ತಪ್ ಎಂದು ನೆಲಕ್ಕೆ ಅಂಗೈ ಬೀಳುವ ಸದ್ದು. ಬೇಲಿಯ ಬಾಗಿಲು ಕಿರ್ರೆಂದರೆ ಆ ಸದ್ದು ಬೇಗ ಬೇಗ ನಡುಕೋಣೆಯ ಕಡೆ ಹೋಗಿ ನಿಂತುಬಿಡುತ್ತಿತ್ತು. ಬಂದವರು ತಲೆ ಎತ್ತಿ ಕೇಳಿಸಿಕೊಂಡರೆ ಆಯಿ, ಅಂದರೆ ನಮ್ಮ ಅಮ್ಮ, “ಇಲಿ ಕಾಟ” ಎನ್ನುತ್ತಿದ್ದಳು.

ಅಪ್ಪಯ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಸಂಜೆ ಕಚೇರಿಯಿಂದ ಬಂದವನು ಅಕ್ಕನ ಪಕ್ಕ ಕುಳಿತು ಅವಳಿಗೆ ಓದು ಬರಹ ಕಲಿಸುತ್ತಿದ್ದ. ನನಗೆ ಕಲಿಸಲಿಲ್ಲ, ನನಗೆ ಶಾಲೆ ಇತ್ತಲ್ಲ. ಅವನ ಹೆದರಿಕೆ ಒಂದೇ: ಒಂದು ಕೂಸು, ನಮ್ಮ ಕಡೆ ಹುಡುಗಿಗೆ ಹಾಗೆನ್ನುತ್ತಾರೆ, ಕುಂಟಿ ಎಂದು ಗೊತ್ತಾದರೆ ಇನ್ನೊಂದನ್ನೂ ಯಾರೂ ಕೇಳಿಕೊಂಡು ಬರುವುದಿಲ್ಲ. ಅಂದರೆ ಅಕ್ಕನನ್ನು ಅಡಗಿಸಿಟ್ಟದ್ದು ನನ್ನ ಸಲುವಾಗಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಆದರೆ ನನಗೆ ಗೊತ್ತಿತ್ತು.

ಅಕ್ಕನಿಗೆ ಹನ್ನೆರಡು ನಡೆಯುತ್ತಿದ್ದಾಗ, ಅವಳು ಮೈನೆರೆದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಕಚೇರಿಗೆ ಒಂದು ಕಾಗದ ಬಂತು. ಘಟ್ಟದ ಮೇಲಿನ ಒಂದು ದವಾಖಾನೆಯವರು ಕುಮಟೆಗೆ ಬಂದು, ಕಾಲಿನ ಶಕ್ತಿ ಹೋದ ಮಕ್ಕಳ ಅಳತೆ ತೆಗೆದುಕೊಂಡು, ಕಟ್ಟಿಕೊಂಡು ನಡೆಯುವ ಕಬ್ಬಿಣದ ಸಲಕರಣೆಯನ್ನು ಪುಕ್ಕಟೆ ಮಾಡಿಸಿ ಕೊಡುತ್ತಾರೆ ಎಂದು. ಅಪ್ಪಯ್ಯ ಊಟಕ್ಕೆ ಕುಳಿತಾಗ ಹೇಳಿದ. ಆಯಿ ಬಡಿಸುವುದನ್ನು ನಿಲ್ಲಿಸಿದಳು.

“ಕೂಸಿನ ಕರ್ಕಂಡು ಹೋಪಲೆ ಆಗ್ತಿಲ್ಲೆ,” ಎಂದ ಅಪ್ಪಯ್ಯ. “ದೊಡ್ಡಾದ ಕೂಸು. ಎತ್ಕಂಡು ಬಸ್ಸು ಹತ್ತಿದ್ರೆ ಊರೆಲ್ಲ ನೋಡ್ತು.”

“ಹಾಂಗಾದ್ರೆ ಸಣ್ಣದನ್ನ ಕರ್ಕಂಡು ಹೋಗಿ,” ಎಂದಳು ಆಯಿ. “ಇಬ್ರೂ ಒಂದೇ ಎತ್ತರ ಇದ್ದ. ಸೊಟ್ಟ ಕಾಲಿನ ಅಳತೆ ಕೊಟ್ರೆ ಸೊಟ್ಟ ಕಬ್ಬಿಣವೇ ಬತ್ತು. ಸಮ ಇದ್ದ ಕಾಲಿನ ಅಳತೆ ಕೊಡಿ. ಕಾಲು ಅದ್ರ ಹಾಂಗೇ ಬೆಳೀತು.”

ಈಗ ನಿಮಗೆ ನಗು ಬರಬಹುದು. ಆದರೆ ಅದೇ ಹೊತ್ತಿಗೆ ನಮ್ಮ ಹಿತ್ತಲ ಚಪ್ಪರದಲ್ಲಿ ಪಡವಲಕಾಯಿಗಳು ತುದಿಗೆ ಕಟ್ಟಿದ ಕಲ್ಲಿನ ಭಾರಕ್ಕೆ ನೆಟ್ಟಗೆ ಇಳಿಬಿದ್ದಿದ್ದವು. ಕಲ್ಲು ಕಟ್ಟದೆ ಬಿಟ್ಟ ಒಂದೆರಡು ಸುರುಳಿ ಸುತ್ತಿಕೊಂಡಿದ್ದವು. ಆಯಿ ಕೈಯಾರೆ ನೆಟ್ಟಗೆ ಮಾಡಿದ್ದೆಲ್ಲ ಹಾಗೆಯೇ ನೆಟ್ಟಗಾಗಿತ್ತು. ಎಳೆಯದಿದ್ದಾಗ ಸರಿಯಾದ ಅಚ್ಚು ಸಿಕ್ಕರೆ ಯಾವುದೂ ಸರಿಯಾಗುತ್ತದೆ ಎಂಬ ನಂಬಿಕೆ ಅವಳದು. ಅಪ್ಪಯ್ಯನಿಗೂ ಅದು ಒಪ್ಪಿತವಾಯಿತು, ಬಸ್ಸಿನಲ್ಲಿ ಎತ್ತಿಕೊಂಡು ಹೋಗುವುದು ತಪ್ಪಿತಲ್ಲ.

ಕುಮಟೆಯ ಶಾಲೆಯೊಂದರ ಜಗಲಿಯಲ್ಲಿ ಅಳತೆ ನಡೆದಿತ್ತು. ಹುಡುಗರ ಸಾಲು ಅಂಗಳ ದಾಟಿ ರಸ್ತೆಯವರೆಗೆ ಇತ್ತು. ಹುಡುಗಿಯರು ಮೂವರು, ನನ್ನನ್ನೂ ಸೇರಿಸಿ. ಅಂದರೆ ಇಬ್ಬರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪುಕ್ಕಟೆ ಕೊಡುವವರು ಬಂದು ಕುಳಿತಿದ್ದರು, ಹುಡುಗಿಯರನ್ನು ಕರೆತರುವವರು ಇರಲಿಲ್ಲ. ನಮ್ಮ ಮುಂದೆ ಹೊಳನಗದ್ದೆಯ ಒಬ್ಬ ಮಾಣಿಯನ್ನು ಮೇಜಿನ ಮೇಲೆ ಮಲಗಿಸಿದ್ದರು. ಡಾಕ್ಟರು ಅವನ ಪಾದವನ್ನು ಮೂರು ಸಲ ಬಾಗಿಸಿ ನೋಡಿದರು, ನಿಲ್ಲಿಸಿ ನೋಡಿದರು, ಒದ್ದೆ ಪಟ್ಟಿ ಸುತ್ತಿ ಕಾಲಿನ ಅಚ್ಚು ತೆಗೆದರು. ಒಂದು ಕಾಲನ್ನು ಅಷ್ಟು ಹೊತ್ತು, ಅಷ್ಟು ಅಕ್ಕರೆಯಿಂದ ನೋಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹುಡುಗಿಯರಿಗೆ ಮರ್ಯಾದೆಯ ಪ್ರಶ್ನೆ. ಎರಡು ಕಂಬಗಳ ನಡುವೆ ಒಂದು ಹಳೆಯ ಸೀರೆ ಕಟ್ಟಿದ್ದರು. ಹುಡುಗಿ ಮತ್ತು ಮನೆಯವರು ಸೀರೆಯ ಒಳಗೆ, ಅಳತೆಯವನು ಹೊರಗೆ. ಸೀರೆಯ ಅಡಿಯಿಂದ ಟೇಪು ಒಳಗೆ ಬಂತು. “ತೊಡೀಗೆ ಎಷ್ಟು? ಮೊಣಕಾಲಿಗೆ ಎಷ್ಟು?” ಎಂದು ಅವನು ಕೇಳುತ್ತಿದ್ದ, ಅಪ್ಪಯ್ಯ ನನ್ನ ಎಡಗಾಲಿಗೆ ಟೇಪು ಹಿಡಿದು ಕಚೇರಿಯ ಗಟ್ಟಿ ದನಿಯಲ್ಲಿ ಉತ್ತರ ಹೇಳುತ್ತಿದ್ದ. ಕೊನೆಗೆ ಹೊರಗಿನಿಂದ ಅಕ್ಕನ ಹೆಸರು ಕೂಗಿದರು. ನಾನು ಸೀರೆ ಸರಿಸಿ ಮುಖ ತೋರಿಸಿ ಹೂಂ ಎಂದೆ. ಹಾಗೆ ಹೇಳುವಾಗ ಎಡಗಾಲಿನಲ್ಲಿ ತಣ್ಣಗೆ ಏನೋ ಹರಿದಂತಾಯಿತು, ಬಸ್ಸು ಹತ್ತುವಾಗಲೂ ಅದು ಹೋಗಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಕಬ್ಬಿಣ ಬಸ್ಸಿನಲ್ಲಿ ಬಂತು. ಎರಡು ಸರಳು, ತೊಡೆಯ ಮೇಲ್ತುದಿಗೆ ಚರ್ಮ ಸುತ್ತಿದ ಬಳೆ, ಮೊಣಕಾಲಿನಲ್ಲಿ ಕಟ್ ಎಂದು ಕೂರುವ ಚಿಲಕ, ಬಿಗಿಯಲು ಪಟ್ಟಿಗಳು, ಕೆಳಗೆ ಕಪ್ಪು ಬೂಟು. ಆಯಿ ಕುಂಕುಮ ಹಚ್ಚಿದಳು. ಅಕ್ಕನ ಕಾಲಿಗೆ ಕಟ್ಟಿದರೆ, ದೊಡ್ಡ ಬಳೆಯೊಳಗೆ ಸಣ್ಣ ಕೈ ಹಾಕಿದ ಹಾಗೆ ಕಾಲು ಒಳಗೆ ಅಲ್ಲಾಡಿತು. ಸರಳು ಮೂರು ಬೆರಳು ಹೆಚ್ಚು ಉದ್ದ, ಮೇಲಿನ ಬಳೆ ತೊಡೆಯ ಸಂದಿಗೆ ಒತ್ತುತ್ತಿತ್ತು. ಸಡಿಲವಿದ್ದ ಕಡೆ ಬಟ್ಟೆ ತುರುಕಿದರು. ಗೋಡೆ ಹಿಡಿದು ನಿಲ್ಲಿಸಿದರು, ಬಿದ್ದಳು. ಎರಡು ತಿಂಗಳು ದಿನಾ ಕಟ್ಟಿದರು. ತೊಡೆಯಲ್ಲಿ ಹುಣ್ಣಾಗಿ ಕೀವು ಬಂತು. ಕಾಲು ಅಳತೆಗೆ ಬೆಳೆಯುತ್ತದೆ ಎಂದು ಆಯಿ ಕಾದಳು. ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿ ಹುಣ್ಣಿಗೆ ಅರಿಸಿನ ಹಚ್ಚಿದಳು, ಆಮೇಲೆ ಕಟ್ಟಲಿಲ್ಲ.

ಕಬ್ಬಿಣವನ್ನು ನಡುಕೋಣೆಯ ಮೂಲೆಗೆ ನಿಲ್ಲಿಸಿ ಹಳೆಯ ಸೀರೆ ಹೊದಿಸಿದರು. ಅದೇ ತಪ್ಪಾಯಿತು. ಸೀರೆ ಉಟ್ಟ ಯಾರೋ ಮೂಲೆಯಲ್ಲಿ ಒಂಟಿಕಾಲಲ್ಲಿ ನಿಂತ ಹಾಗೆ ಕಾಣುತ್ತಿತ್ತು, ಸೀರೆಯ ಅಂಚಿನ ಕೆಳಗೆ ಬೂಟಿನ ಮೂತಿ. ಅದು ನನ್ನ ಎತ್ತರ, ನನ್ನ ಮೊಣಕಾಲು, ನನ್ನ ಪಾದ. ನಾನು ಶಾಲೆಯಿಂದ ಬರುವಾಗ ಅದು ಬೆಳಿಗ್ಗೆ ಬಿಟ್ಟಲ್ಲೇ ಇದೆಯೇ ಎಂದು ಮೊದಲು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಅಕ್ಕ ಹೇಳಿದಳು, “ನೀ ಕಟ್ಕ. ನಿಂಗೆ ಆಗ್ತು ಹೇಳಿ ಯಂಗೆ ಗೊತ್ತಿದ್ದು.”

ಬೇಡ ಎಂದೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು. ಕಟ್ಟಿಕೊಂಡೆ. ಚಿಲಕ ಕಟ್ ಎಂದಿತು. ಎಲ್ಲೂ ಒತ್ತಲಿಲ್ಲ, ಎಲ್ಲೂ ಸಡಿಲವಿಲ್ಲ. ಕಬ್ಬಿಣಕ್ಕೆ ನನ್ನ ಗುರುತು ಸಿಕ್ಕಿತು ಅನ್ನಿಸಿತು. ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿ, ನಡೆ ಎಂದಳು. ನಾನು ಗೋಡೆಯಿಂದ ಗೋಡೆಗೆ ನಡೆದೆ.

“ಈಗ ನಡೀತಾ ಇಪ್ಪುದು ಯಾರು?” ಎಂದಳು.

“ಆನು,” ಎಂದೆ, ನಾನೇ ಎಂದು.

“ಅಲ್ಲ. ಯಾರು?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನೀನು,” ಎಂದೆ.

“ಆನು ಎಲ್ಲಿಗೆ ಹೋಗ್ತಾ ಇದ್ದಿ?” ಎಂದಳು, ತಾನು ಎಲ್ಲಿಗೆ ಹೊರಟಿದ್ದೇನೆ ಎಂದು. ಬಂದರಕ್ಕೆ ಎಂದೆ. ಲಾಂಚು ಬಂದಿದೆಯೇ, ಯಾರು ಯಾರು ಇಳಿದರು, ಎಲ್ಲವನ್ನೂ ಕೇಳಿದಳು. ಅಂದಿನಿಂದ ದಿನಾ ಅದೇ ಆಟ. ಶಾಲೆಯಿಂದ ಬಂದ ಕೂಡಲೆ ಕಬ್ಬಿಣ ಕಟ್ಟಿಕೊಂಡು ಅವಳನ್ನು ಊರು ಸುತ್ತಿಸಬೇಕು. ಅವಳ ಮುಚ್ಚಿದ ಕಣ್ಣೊಳಗೆ ಗುಡ್ಡೆಗಳು ಆಚೀಚೆ ಓಡುತ್ತಿದ್ದವು. ಒಂದು ದಿನ ಅಡುಗೆಮನೆಯಲ್ಲಿದ್ದ ಆಯಿಗೆ ಕಬ್ಬಿಣದ ಸದ್ದು ಕೇಳಿಸಿ, “ನಡೀತು! ಕೂಸು ನಡೀತು!” ಎಂದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಗೋಡೆಗೊರಗಿದ ಅಕ್ಕನನ್ನು ನೋಡಿದಳು. ಹಾಗೆಯೇ ಹಿಂದಕ್ಕೆ ಹೋದಳು. ಆಯಿಯ ಮುಖ ಅಷ್ಟು ಬೆಳಕಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ನಾನೇ ನಂದಿಸಿದ ಬೆಳಕು.

ಆಮೇಲೆ ದವಾಖಾನೆಯವರ ಇನ್ನೊಂದು ಕಾಗದ ಬಂತು. ಕೊಟ್ಟ ಸಲಕರಣೆಯನ್ನು ಮಕ್ಕಳು ಬಳಸುತ್ತಿದ್ದಾರೆಯೇ ಎಂದು ನೋಡಲು ಸಾಹೇಬರೊಬ್ಬರು ಮನೆಮನೆಗೆ ಬರುತ್ತಾರೆ. ಬಳಸದಿದ್ದರೆ ವಾಪಸು ಒಯ್ಯುತ್ತಾರೆ. ಅಪ್ಪಯ್ಯ ಎತ್ತಿದ ತುತ್ತನ್ನು ಎಲೆಗೆ ಇಳಿಸಿದ. “ಸುಳ್ಳು ಅಳತೆ ಕೊಟ್ಟದ್ದು ಹೇಳಿ ಗೊತ್ತಾದ್ರೆ ಯನ್ನ ನೌಕರಿ ಹೋಗ್ತು,” ಎಂದ. ಎಲ್ಲರೂ ನನ್ನ ಕಾಲನ್ನು ನೋಡಿದರು.

ಎಂಟು ದಿನ ಅಕ್ಕ ನನಗೆ ಕುಂಟುವುದನ್ನು ಕಲಿಸಿದಳು. ಬಲು ಕಟುವಾದ ಮೇಷ್ಟ್ರು. “ಮೊಣಕಾಲು ಮಡಚಡ. ಸೊಂಟ ಎತ್ತು, ಕಾಲು ಅದ್ರ ಹಿಂದೆ ಬರವು. ನಿಂಗೆ ಕಾಲು ಇದ್ದು ಹೇಳುದನ್ನೇ ಮರ್ತುಬಿಡು.” ತಪ್ಪಿದರೆ ತೊಡೆಗೆ ಚಿವುಟುತ್ತಿದ್ದಳು. ಹಾಗೆ ಕುಂಟಿ ನಡೆಯುವುದನ್ನು ಅವಳು ನೋಡಿ ಕಲಿತವಳಲ್ಲ. ಎದ್ದು ನಿಂತಿದ್ದರೆ ತಾನು ಹೇಗೆ ನಡೆಯುತ್ತಿದ್ದೆ ಎಂಬುದನ್ನು ವರ್ಷಗಟ್ಟಲೆ ಕುಳಿತಲ್ಲೇ ಲೆಕ್ಕ ಹಾಕಿದ್ದಳು. ಎಂಟನೆಯ ದಿನ ನಾನು ನಡೆದಾಗ ಅವಳು ಚಿವುಟಲಿಲ್ಲ. “ಆತು,” ಎಂದಳು. ಅವಳ ಮೈಮೇಲೆ ಮುಳ್ಳೆದ್ದಿತ್ತು.

ಸಾಹೇಬರು ಘಟ್ಟದ ಮೇಲಿನವರು, ಬೆವರಿ ಬಳಲಿದ್ದರು. ಆಯಿ ಬೆಲ್ಲ ನೀರು ಕೊಟ್ಟು ಹೊರಬಾಗಿಲು ಹಾಕಿದಳು. “ಎಲ್ಲಿ, ನಡದು ತೋರಸು ಮಗಳ,” ಎಂದರು. ನಡೆದೆ. ನಡುಕೋಣೆಯ ಬಾಗಿಲ ಸಂದಿಯಲ್ಲಿ ನಾಲ್ಕು ಬೆರಳತುದಿಗಳು ಕಾಣುತ್ತಿದ್ದವು, ನಾನು ಹೆಜ್ಜೆ ಇಟ್ಟಾಗೆಲ್ಲ ಒತ್ತಿ ಬೆಳ್ಳಗಾಗುತ್ತಿದ್ದವು.

“ತ್ರಾಸ ಏನರ ಆಗ್ತದೇನು?”

“ಇಲ್ಲ.”

“ಶಾಣ್ಯಾ ಹುಡುಗಿ. ಏನ್ ಛಂದ ಕೂತದ ನೋಡ್ರಿ, ಅಳತಿ ಸರಿ ಇದ್ರ ಹಿಂಗ.” ಅಕ್ಕನ ಹೆಸರಿನ ಮುಂದೆ ಏನೋ ಬರೆದುಕೊಂಡು ನನ್ನ ಬೆನ್ನು ತಟ್ಟಿದರು. ನಮ್ಮ ಮನೆಯಲ್ಲಿ ಯಾರೂ ಬೆನ್ನು ತಟ್ಟುವವರಿರಲಿಲ್ಲ. ಖುಷಿಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅವರು ಹೋದ ಮೇಲೆ ಕುಂಟು ಹೋಗಲಿಲ್ಲ. ಶಾಲೆಯಲ್ಲಿ ಹುಡುಗಿಯರು ನಿನ್ನ ಕಾಲಿಗೆ ಎಂತ ಆಯ್ತು ಎಂದು ಕೇಳುತ್ತಿದ್ದರು, ಆಗಲೇ ನನಗೆ ಗೊತ್ತಾಗುವುದು. ಒಮ್ಮೆ ಹೊಳೆಯ ಮರಳಿನಲ್ಲಿ ನಡೆದು ಹೋಗಿ ತಿರುಗಿ ನೋಡಿದೆ. ಬಲಗಾಲಿನ ಹೆಜ್ಜೆಗಳು ಸರಿಯಾಗಿದ್ದವು, ಎಡಕ್ಕೆ ಎಳೆದುಕೊಂಡು ಹೋದ ಉದ್ದದ ಗೆರೆ. ಸುತ್ತ ಯಾರೂ ಇರಲಿಲ್ಲ. ಅದು ಅಕ್ಕನ ಹೆಜ್ಜೆ, ಅಕ್ಕ ಆ ಹೊಳೆಯನ್ನು ಕಂಬಳಿಯೊಳಗಿಂದ ಬಿಟ್ಟರೆ ಕಂಡವಳೇ ಅಲ್ಲ. ನಾನು ಓಡಿ ಮನೆಗೆ ಬಂದೆ. ಓಡುವಾಗ ಎರಡೂ ಕಾಲು ಸರಿಯಾಗಿಯೇ ಇದ್ದವು.

ಮರುವರ್ಷ, ಒಂದು ಭಾನುವಾರ ಬೆಳಿಗ್ಗೆ, ಅದೇ ಸಾಹೇಬರು ಹೇಳದೆ ಕೇಳದೆ ಬಂದು ಜಗಲಿಯಲ್ಲಿ ಕುಳಿತರು. ನಾನು ಹಿತ್ತಲ ಬಾವಿಯ ಹತ್ತಿರ ಇದ್ದೆ. ಅವರ ದನಿ ಮನೆ ದಾಟಿ ಕೇಳುವಷ್ಟು ದೊಡ್ಡದು. ಕಬ್ಬಿಣ ಹೊಂದದ ಮಕ್ಕಳಿಗೆ ದವಾಖಾನೆಯಲ್ಲೇ ಇಟ್ಟುಕೊಂಡು ಆಪರೇಶನ್ ಮಾಡಿ, ಪಟ್ಟಿ ಹಾಕಿ, ನಡೆಯುವುದನ್ನು ಕಲಿಸಿ ಕಳಿಸುತ್ತಾರಂತೆ. ಹುಡುಗರ ಜಾಗ ತುಂಬಿದೆ. ಹುಡುಗಿಯರದು ಒಂದು ಉಳಿದಿದೆ, ಯಾರೂ ಕಳಿಸುವುದಿಲ್ಲ, ಇವತ್ತೇ ಹೆಸರು ಬರೆದುಕೊಳ್ಳಬೇಕು. “ನಿಮ್ಮಾಕಿ ಅಂತೂ ನಡೀತಾಳ. ಊರಾಗ ಬ್ಯಾರೆ ಯಾರದರ ಹುಡುಗಿ ಇದ್ರ ಹೇಳ್ರಿ.”

“ನನಗೆ ಗೊತ್ತಿದ್ದ ಹಾಗೆ ಯಾರೂ ಇಲ್ಲ,” ಎಂದ ಅಪ್ಪಯ್ಯ.

ಆಗ ಮನೆಯೊಳಗಿಂದ ಆ ಸದ್ದು ಬಂತು. ತಪ್, ತಪ್. ಬೇಲಿ ಬಾಗಿಲಿನ ಸದ್ದಾದಾಗ ಒಳಗೆ ಓಡುತ್ತಿದ್ದ ಸದ್ದು ಈ ಸಲ ಹೊರಗೆ ಹೋಗುತ್ತಿತ್ತು, ಅವಸರವಿಲ್ಲದೆ. ನಾನು ಕೊಡಪಾನ ಹಿಡಿದುಕೊಂಡೇ ಅಡುಗೆಮನೆಗೆ ಬಂದೆ. ಅಲ್ಲಿಂದ ಜಗಲಿ ನೇರ ಕಾಣುತ್ತದೆ. ಅಕ್ಕ ಹೊಸ್ತಿಲು ದಾಟಿ ಬಿಸಿಲಿನಲ್ಲಿ ಕುಳಿತಿದ್ದಳು, ನಾಲ್ಕು ವರ್ಷದಲ್ಲಿ ಮೊದಲ ಸಲ. ಎಷ್ಟು ಬಿಳುಚಿಕೊಂಡಿದ್ದಳು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

“ಈಕಿ ಯಾರು?” ಎಂದರು ಸಾಹೇಬರು.

ಅಕ್ಕ ತನ್ನ ಹೆಸರು ಹೇಳಿದಳು. “ಯನ್ನ ಬರ್ಕಳಿ,” ಎಂದಳು.

ಅವರು ಪಟ್ಟಿ ತಿರುವಿದರು. “ಆ ಹೆಸರಿನಾಕಿ ಬ್ಯಾರೆ. ಆಕಿ ನಡೀತಾಳ, ನಾನ ಕಣ್ಣಾರೆ ನೋಡೀನಿ.” ಅಪ್ಪಯ್ಯನ ಕಡೆ ನೋಡಿದರು. ಅಪ್ಪಯ್ಯ ಎಲೆಯ ತಟ್ಟೆಯಲ್ಲಿ ಅಡಕೆ ಹುಡುಕುತ್ತಿದ್ದ. “ಆ ಹುಡುಗೀನ ಕರೀರಿ. ನೋಡೇ ಬಿಡೂಣು.”

ಆಯಿ ನನ್ನ ಕೈಯಿಂದ ಕೊಡಪಾನ ತೆಗೆದುಕೊಂಡಳು. “ನೆಟ್ಟಗೆ ನಡ್ಕಂಡು ಹೋಗು ಮಗಾ,” ಎಂದಳು. “ಎಂತ ಆದ್ರೂ ಆಗ್ಲಿ. ನೆಟ್ಟಗೆ ಹೋಗು.”

ತಲೆಯಾಡಿಸಿದೆ. ನಾನು ಎರಡು ಕಾಲಿನ ಮೇಲೆ ನೆಟ್ಟಗೆ ಹೋಗಿ ನಿಂತರೆ ಸಾಕಿತ್ತು, ಬಾಯಿ ಬಿಡುವ ಅಗತ್ಯವೂ ಇರಲಿಲ್ಲ. ಇದು ನನಗೆ ಚೆನ್ನಾಗಿ ಅರ್ಥವಾಗಿತ್ತು. ನಡುಮನೆಯನ್ನು ನೆಟ್ಟಗೇ ದಾಟಿದೆ. ಹೊಸ್ತಿಲ ಹತ್ತಿರ ಬಂದಾಗ ಸಾಹೇಬರು ನನ್ನನ್ನು ಕಂಡು ನಕ್ಕರು, ಗುರುತು ಹಿಡಿದು. ನಾನು ಬಲಗಾಲನ್ನು ಹೊಸ್ತಿಲ ಆಚೆ ಇಟ್ಟೆ. ಎಡಗಾಲು ಬರಲಿಲ್ಲ. ಸೊಂಟ ತಾನಾಗಿ ಮೇಲೆದ್ದಿತು, ಮೊಣಕಾಲು ಮಡಚಲಿಲ್ಲ, ಕಾಲು ಹಿಂದಿನಿಂದ ಎಳೆದುಕೊಂಡು ಬಂತು. ಒಂದು ಹೆಜ್ಜೆಯಲ್ಲ, ಜಗಲಿಯ ತುದಿಯವರೆಗೂ ಹಾಗೆಯೇ ನಡೆದೆ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲು ಎಂದೂ ಕುಂಟಿರಲಿಲ್ಲ.

“ಕಬ್ಬಿಣ ಇಲ್ಲದನ ನಡ್ಯಾಕ ಹತ್ಯಾಳಲ್ರೀ!” ಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷ. ನನ್ನ ಬೆನ್ನು ತಟ್ಟಿ ಅಕ್ಕನ ಹೆಸರಿನ ಮುಂದೆ ಬರೆದುಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ, ಪಾಪ, ಮೆತ್ತಗೆ ಹೇಳಿದರು, “ಈ ಹೆಸರು ಒಮ್ಮೆ ಪಟ್ಟಿಯೊಳಗ ಬಂದದ, ಮನ್ಯಾವ್ರ ಸಹಿ ಇಲ್ಲದ ಬರಕೊಳ್ಳಾಕ ಬರೂದಿಲ್ಲ. ನಿನ್ನ ಮನ್ಯಾವ್ರು ಅರ್ಜಿ ಬರದು ಕೊಡ್ಲಿ ತಂಗಿ, ಮುಂದ ನೋಡೂಣು.” ಅಪ್ಪಯ್ಯ ಹೂಂ ಎಂದ. ಅವರು ಕುಮಟೆಯ ಬಸ್ಸು ಹಿಡಿಯಲು ಹೊರಟರು. ಆ ಅರ್ಜಿಯನ್ನು ಯಾರೂ ಬರೆಯಲಿಲ್ಲ.

ಅಪ್ಪಯ್ಯನ ನೌಕರಿಯ ಹೆದರಿಕೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಭ್ಯಾಸಬಲ ಎಂದೂ ಹೇಳಿಕೊಂಡಿದ್ದೇನೆ. ಬೆನ್ನು ತಟ್ಟುವ ಆ ಕೈಯ ಆಸೆಯೂ ಇತ್ತು, ಅದನ್ನು ಬೇರೆಯವರ ಹತ್ತಿರ ಹೇಳಿದ್ದು ಕಡಿಮೆ. ಎಲ್ಲ ಹೇಳಿದ ಮೇಲೂ ಆ ಹೊಸ್ತಿಲಲ್ಲಿ ನನ್ನ ಕಾಲನ್ನು ಹಿಡಿದದ್ದು ಏನು ಎಂದು ನನಗೆ ತಿಳಿದಿಲ್ಲ. ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಅಕ್ಕ ಜಗಲಿಯಲ್ಲೇ ಬಹಳ ಹೊತ್ತು ಕುಳಿತಿದ್ದಳು. ರಸ್ತೆಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಂತು ನೋಡಿದರು. ಪಕ್ಕದ ಮನೆಯವರೂ ಹೊರಗೆ ಬಂದರು. ಅವಳನ್ನು ಒಳಗೆ ಬಾ ಎನ್ನುವ ಧೈರ್ಯ ಅಪ್ಪಯ್ಯನಿಗಿರಲಿಲ್ಲ. ಕೊನೆಗೆ ತಾನೇ ತಿರುಗಿ, ಅಂಗೈ ಊರಿ ಹೊಸ್ತಿಲು ದಾಟಿ, ಆಗಲೇ ಒಳಗೆ ಸರಿದಿದ್ದ ನನ್ನ ಹತ್ತಿರ ಬಂದಳು. ತಲೆ ಎತ್ತಿ ನನ್ನ ಮುಖ ನೋಡಿದಳು.

“ಇವತ್ತು ನಿಂಗೆ ಯಾರೂ ಕುಂಟಿ ಹೇಳಿ ಹೇಳಿದ್ವಿಲ್ಲೆ, ಅಲ್ದನೇ?”

ಸಿಟ್ಟಿನಿಂದ ಕೇಳಿದ್ದಲ್ಲ. ಬಯಲಲ್ಲಿ ಕುಂಟಿದವಳನ್ನು ಜನ ಏನೆನ್ನುತ್ತಾರೆ ಎಂದು ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದಳು.

“ಇಲ್ಲೆ,” ಎಂದೆ. “ಯಾರೂ ಹೇಳಿದ್ವಿಲ್ಲೆ.”